ಮಂಡಿ ನೋವೆಂದು ಬೈಕು ಮಾರಬೇಡಿ

ಹೈನು ಮಾಡುವ ರೈತರೊಬ್ಬರು ಕಳೆದ ಮುಂಗಾರಿನಲ್ಲಿ ನಮ್ಮ ರೈತ ಸಂಪರ್ಕ ಕೇಂದ್ರಕ್ಕೆ ಬಂದಿದ್ದರು. ವಯಸ್ಸು ಅರವತ್ತು ದಾಟಿದೆ. ಬಿತ್ತನೆ ಬೀಜ ಕೊಂಡ ಮೇಲೆ, ‘ಸಾಹೇಬರೇ, ಬೈಕು ಕೊಳ್ಳುವವರು ಯಾರಾದರೂ ಇದ್ದರೆ ಹೇಳಿ’ ಎಂದರು. ಬಲ ಮಂಡಿ ಸವೆದಿದೆ, ಕಿಕ್ ಹೊಡೆಯಲು ಆಗದು ಎಂಬುದು ಅವರ ಅಳಲು. ಅವರೂರಿಗೆ ಬಸ್ಸು ಬರುವುದು ದಿನಕ್ಕೆರಡೇ ಸಲ. ಹಾಲು ಮಾತ್ರ ಬೆಳಿಗ್ಗೆ ಆರಕ್ಕೇ ಡೇರಿ ಸೇರಬೇಕು. ಬೈಕು ಹೋದರೆ ಹಸುವೂ ಹೋದಂತೆಯೇ.

ಎತ್ತಿನ ಹೆಗಲಿಗೆ ಒಗ್ಗುವಂತೆ ನೊಗ ಕೆತ್ತುತ್ತೇವಲ್ಲವೇ? ಹಾಗೆಯೇ ಬೈಕನ್ನೂ ಸವಾರನ ಕಾಲಿಗೆ ಒಗ್ಗಿಸಿಕೊಳ್ಳಬಹುದು.

ನೋವು ಏಕೆ?

ಮಂಡಿಯೊಳಗೆ ಮೂಳೆಗಳ ತುದಿಗೆ ಮೆದುವಾದ ಹೊದಿಕೆ ಇರುತ್ತದೆ. ವಯಸ್ಸು, ಮೈಭಾರ, ಹಳೆಯ ಪೆಟ್ಟು ಇವುಗಳಿಂದ ಅದು ಸವೆಯುತ್ತದೆ. ಮಂಡಿ ಹೆಚ್ಚು ಮಡಚಿದಷ್ಟೂ, ಆಗ ಭಾರ ಬಿದ್ದಷ್ಟೂ ನೋವು ಹೆಚ್ಚು. ಬೈಕಿನಲ್ಲಿ ಇದು ಮೂರು ಕಡೆ ಕಾಡುತ್ತದೆ: ಕಿಕ್ ಹೊಡೆಯುವಾಗ, ಗೇರು ಬ್ರೇಕು ತುಳಿಯುವಾಗ ಮತ್ತು ಬಹಳ ಹೊತ್ತು ಕಾಲು ಮಡಚಿ ಕೂತಾಗ.

ಕಿಕ್ ತಪ್ಪಿಸಿ

ಹೆಚ್ಚಿನ ಬೈಕುಗಳ ಕಿಕ್ ಬಲಗಡೆ ಇದೆ. ಮೈಸೂರಿನಲ್ಲಿ 1996ರವರೆಗೆ ತಯಾರಾದ ಯೆಜ್ಡಿಯದ್ದು ಎಡಗಡೆ. ಅದರಲ್ಲಿ ಕಿಕ್ ಕಡ್ಡಿಯೇ ಗೇರಿನ ಕಡ್ಡಿ. ಮಂಡಿಗೆ ಅತಿ ಕೆಟ್ಟದ್ದು ಈ ಕಿಕ್ಕೇ. ಕಿಕ್ ಮಾತ್ರ ಇರುವ ಇಂಜಿನ್ನಿಗೆ ಸೆಲ್ಫ್ ಜೋಡಿಸುವುದು ದೊಡ್ಡ ಕೆಲಸ. ಅದಕ್ಕಿಂತ ಸೆಲ್ಫ್ ಇರುವ ಗಾಡಿಗೆ ಬದಲಾಯಿಸಿಕೊಳ್ಳುವುದು ಲೇಸು. ಬ್ಯಾಟರಿ ಸೋತರೆ ಮತ್ತೆ ಕಿಕ್ಕೇ ಗತಿ. ಆದ್ದರಿಂದ ಬ್ಯಾಟರಿಯನ್ನು ಆಗಾಗ ತೋರಿಸಬೇಕು.

ಗೇರು, ಬ್ರೇಕು

ಎಡ ಮಂಡಿ ನೋಯುವವರು ಹಿಮ್ಮಡಿ ಮತ್ತು ಮುಂಗಾಲು ಎರಡರಿಂದಲೂ ತುಳಿಯುವ ಗೇರ್ ಕಡ್ಡಿ ಹಾಕಿಸಿಕೊಳ್ಳಬೇಕು. ಆಗ ಪಾದದಿಂದ ಕಡ್ಡಿಯನ್ನು ಮೇಲೆತ್ತುವ ಶ್ರಮ ಇರುವುದಿಲ್ಲ. ಕಡ್ಡಿ ಕೂರುವ ದಂಡಕ್ಕೆ ಹಲ್ಲುಗಳಿವೆ. ಬೋಲ್ಟು ಸಡಿಲಿಸಿ ಒಂದು ಹಲ್ಲು ಮೇಲೆ ಅಥವಾ ಕೆಳಗೆ ಕೂರಿಸಿದರೆ ಕಡ್ಡಿ ಪಾದಕ್ಕೆ ಹೊಂದುತ್ತದೆ.

ಬಲ ಮಂಡಿಯವರು ಬ್ರೇಕ್ ಪೆಡಲನ್ನು, ಕಾಲು ಎತ್ತದೆ ಪಾದ ಬಾಗಿಸಿಯೇ ತುಳಿಯುವ ಮಟ್ಟಕ್ಕೆ ಇಡಿಸಬೇಕು. ಬಳಿಕ ಬ್ರೇಕಿನ ಸಡಿಲವನ್ನು ಮರಳಿ ಹೊಂದಿಸಬೇಕು. ಡ್ರಮ್ ಬ್ರೇಕಿನ ಸಾಮಾನ್ಯ ಬೈಕುಗಳಲ್ಲಿ ಇದು 20ರಿಂದ 30 ಮಿಲಿಮೀಟರ್. ಹಿಂದಿನ ದೀಪ ಹತ್ತುವುದೇ ಎಂದೂ ನೋಡಿ.

ಸೀಟು ಎತ್ತರಿಸಿ

ಫುಟ್‌ರೆಸ್ಟ್ ತಗ್ಗಿಸಿದರೆ ಕಾಲು ಸಡಿಲವಾಗುತ್ತದೆ ನಿಜ. ಆದರೆ ಹೊಲದ ದಾರಿಯಲ್ಲಿ ಅದು ಕಲ್ಲಿಗೆ, ತಿರುವಿನಲ್ಲಿ ನೆಲಕ್ಕೆ ತಾಗೀತು. ಸೀಟು ಹೊಲಿಯುವವರಲ್ಲಿ ಒಂದೆರಡು ಅಂಗುಲ ಗಟ್ಟಿ ಸ್ಪಂಜು ಹಾಕಿಸುವುದು ಸುಲಭ. ಕೂತಾಗ ಎರಡೂ ಪಾದ ನೆಲ ಮುಟ್ಟುವಷ್ಟಕ್ಕೇ ಎತ್ತರಿಸಬೇಕು. ದಾರಿಯಲ್ಲಿ ಅರ್ಧ ಗಂಟೆಗೊಮ್ಮೆ ಇಳಿದು ಕಾಲು ನೀಡಿಕೊಳ್ಳಿ. ಓಡಿಸುವಾಗ ಬಲಗಾಲನ್ನು ಬ್ರೇಕಿನಿಂದ ದೂರ ಚಾಚಬಾರದು.

ಹತ್ತುವಾಗ, ನಿಲ್ಲಿಸುವಾಗ

ಜಗಲಿ ಕಟ್ಟೆಯ ಪಕ್ಕಕ್ಕೆ ನಿಲ್ಲಿಸಿಕೊಂಡು ಹತ್ತಿದರೆ ಕಾಲು ಎತ್ತುವ ಕಷ್ಟ ತಗ್ಗುತ್ತದೆ. ನಿಲ್ಲಿಸುವಾಗ ಒಳ್ಳೆಯ ಕಾಲನ್ನು ಊರಿ. ಹಾಲಿನ ಕ್ಯಾನನ್ನು ಒಂದೇ ಪಕ್ಕಕ್ಕೆ ತೂಗುಹಾಕಿದರೆ ಗಾಡಿ ಆ ಕಡೆಗೆ ವಾಲಿ, ಭಾರವೆಲ್ಲ ಕಾಲಿಗೆ ಬೀಳುತ್ತದೆ. ಎರಡೂ ಪಕ್ಕಕ್ಕೆ ಸಮನಾಗಿ ಹಂಚಿ.

ಇಷ್ಟಕ್ಕೂ ಆಗದವರಿಗೆ ಗೇರಿಲ್ಲದ ಸ್ಕೂಟರು ಇದೆ. ಅದರ ಬ್ರೇಕೆರಡೂ ಕೈಯಲ್ಲಿ, ಕಾಲು ಎತ್ತಿ ಹಾಕಬೇಕಿಲ್ಲ. ಆದರೆ ಚಿಕ್ಕ ಗಾಲಿ ಗುಂಡಿ ರಸ್ತೆಯಲ್ಲಿ ಕುಲುಕುತ್ತದೆ. ಪಕ್ಕದ ಗಾಲಿ ಜೋಡಿಸುವುದಾದರೆ ಮೊದಲು ಆರ್‌ಟಿಓ ಕಚೇರಿಯ ಅನುಮತಿ ಪಡೆಯಬೇಕು. ಇಲ್ಲವಾದರೆ ಅಪಘಾತವಾದಾಗ ವಿಮೆಗೆ ತೊಡಕು ಬರಬಹುದು.

ಬೈಕು ಸರಿಪಡಿಸಿದರೆ ರೋಗ ಹೋಗದು. ಮೈಭಾರ ಇಳಿಸುವುದು, ವೈದ್ಯರು ಹೇಳಿದಂತೆ ತೊಡೆಯ ಸ್ನಾಯು ಗಟ್ಟಿಯಾಗುವ ವ್ಯಾಯಾಮ ಮಾಡುವುದು ಅಗತ್ಯ. ಮಂಡಿ ಊದಿ ಬಿಸಿಯಾದರೆ, ತಟ್ಟನೆ ಬ್ರೇಕ್ ತುಳಿಯಲು ಆಗದಿದ್ದರೆ, ಆ ದಿನ ಬೈಕು ಮುಟ್ಟಬೇಡಿ.

ಆ ರೈತರು ಮೊನ್ನೆ ಡೇರಿಯ ಮುಂದೆ ಸಿಕ್ಕರು. ಹಳೆಯದನ್ನು ಕೊಟ್ಟು ಸೆಲ್ಫ್ ಇರುವ ಬೈಕು ತಂದು, ಸೀಟು ಎತ್ತರಿಸಿದ್ದಾರೆ. ‘ನೋವು ಪೂರಾ ಹೋಗಿಲ್ಲ ಸಾಹೇಬರೇ, ಹಾಲು ಮಾತ್ರ ಒಂದು ದಿನವೂ ತಪ್ಪಿಲ್ಲ’ ಎಂದರು.