ನಿಮಗಿದು ಗೊತ್ತೆ? ಹಳೇ ಅಂಬಾಸಡರ್‌ನ ಕಿಡಿ

ಬ್ಯಾಟರಿ ಕೊಡುವುದು ಬರೀ 12 ವೋಲ್ಟ್. ಸ್ಪಾರ್ಕ್ ಪ್ಲಗ್‌ನಲ್ಲಿ ಕಿಡಿ ಹಾರಲು ಬೇಕಾದದ್ದು ಸಾವಿರಾರು ವೋಲ್ಟ್. ಹಳೇ ಪೆಟ್ರೋಲ್ ಅಂಬಾಸಡರ್‌ನಲ್ಲಿ ಈ ಅಂತರ ತುಂಬುತ್ತಿದ್ದುದು ಇಗ್ನಿಷನ್ ಕಾಯಿಲ್ ಮತ್ತು ಪ್ಲಗ್‌ಗಳಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರ್ ಒಳಗಿನ ಒಂದು ಪುಟ್ಟ ಸ್ವಿಚ್. ಗ್ಯಾರೇಜಿನವರ ಬಾಯಲ್ಲಿ ಅದು ‘ಪಾಯಿಂಟು’. ಪಾಯಿಂಟು ಬಿಟ್ಟುಕೊಂಡ ಕ್ಷಣ ಕಾಯಿಲ್‌ನ ಕಾಂತಕ್ಷೇತ್ರ ಕುಸಿದು ಕಿಡಿ ಹುಟ್ಟುತ್ತದೆ. ಅಮೆರಿಕದ ಚಾರ್ಲ್ಸ್ ಕೆಟರಿಂಗ್ ಸುಮಾರು 1910ರಲ್ಲಿ ಕ್ಯಾಡಿಲಾಕ್ ಕಾರುಗಳಿಗೆ ರೂಪಿಸಿಕೊಟ್ಟ ಉಪಾಯವಿದು.

ನಾಲ್ಕು ಸಿಲಿಂಡರಿನ ಎಂಜಿನ್ ನಿಮಿಷಕ್ಕೆ 3000 ಸುತ್ತು ತಿರುಗುವಾಗ ಪಾಯಿಂಟು ತೆರೆಯುವುದು ಸೆಕೆಂಡಿಗೆ 100 ಸಲ! ಸವೆಯದೆ ಇನ್ನೇನಾದೀತು? ಪಾಯಿಂಟನ್ನು ತೆರೆಯುವ ಕ್ಯಾಮ್‌ಗೆ ಉಜ್ಜುವ ಅದರ ಹಿಮ್ಮಡಿ ಸವೆದಂತೆ ಪಾಯಿಂಟಿನ ಸಂದು ಕಿರಿದಾಗುತ್ತದೆ, ಕಿಡಿ ತಡವಾಗುತ್ತದೆ, ಏರಿನಲ್ಲಿ ಗಾಡಿ ತಿಣುಕುತ್ತದೆ. ಇರಬೇಕಾದ ಸಂದು ಸುಮಾರು 0.35ರಿಂದ 0.40 ಮಿ.ಮೀ. ಸಂದು ಅಳೆಯುವ ಫೀಲರ್ ಗೇಜ್ ಇಲ್ಲದಿದ್ದರೆ ದಪ್ಪನೆಯ ವಿಸಿಟಿಂಗ್ ಕಾರ್ಡ್ ತೂರಿಸಿ ನೋಡುವುದು ಹಳೇ ಮೆಕ್ಯಾನಿಕ್‌ಗಳ ಜಾಣತನ. ದಾರಿಮಧ್ಯೆ ಸರಿ, ಮನೆಯಲ್ಲಿ ಗೇಜೇ ಲೇಸು.

ಪಾಯಿಂಟು ಪದೇಪದೇ ಸುಟ್ಟು ಕಪ್ಪಾಗುತ್ತಿದ್ದರೆ, ಪಾಯಿಂಟಿನಲ್ಲೇ ಕಿಡಿ ಹಾರದಂತೆ ತಡೆಯುವ ಕಂಡೆನ್ಸರ್ ಮೇಲೆ ಅನುಮಾನಪಡಿ. ಕ್ಯಾಮ್‌ಗೆ ಚೂರೇ ಚೂರು ಗ್ರೀಸ್ ಸಾಕು. ಹೆಚ್ಚಾದರೆ ಪಾಯಿಂಟಿಗೇ ಸಿಡಿದು ಕಿಡಿ ಕೆಡುತ್ತದೆ. ಮಳೆಗಾಲದ ಬೆಳಿಗ್ಗೆ ಗಾಡಿ ಹಟ ಹಿಡಿದರೆ ತಳ್ಳಲು ಜನರನ್ನು ಕೂಗುವ ಮೊದಲು ಡಿಸ್ಟ್ರಿಬ್ಯೂಟರ್ ಮುಚ್ಚಳ ತೆಗೆದು ಒಳಗಿನ ತೇವವನ್ನು ಒಣಬಟ್ಟೆಯಿಂದ ಒರೆಸಿ. ಪ್ಲಗ್ ವೈರುಗಳನ್ನು ಕಿತ್ತಿದ್ದರೆ ಸಿಲಿಂಡರುಗಳಿಗೆ ಕಿಡಿ ಹೋಗುವ 1-3-4-2ರ ಕ್ರಮದಲ್ಲೇ ಮರಳಿ ಸಿಕ್ಕಿಸಬೇಕು.