ಚಿಮಣಿ ಹೇಳದ್ದನ್ನು ಸೊಪ್ಪು ಹೇಳುತ್ತೆ

ಕಸ ಸುಡುವ ಘಟಕದ ಹೊಗೆಯಲ್ಲಿ ಡಯಾಕ್ಸಿನ್ ಎಷ್ಟಿದೆ ಅಂತ ನೋಡೋಕೆ 2016ರ ಘನತ್ಯಾಜ್ಯ ನಿಯಮಗಳು ಕೇಳಿದ್ದು 6ರಿಂದ 8 ಗಂಟೆಗಳ ಸ್ಯಾಂಪಲ್. ಉಳಿದ ದಿನಗಳ ಕಥೆ? ಎಂಜಿನಿಯರಿಂಗ್ ಓದಿದ ನನಗೆ ಉತ್ತರ ಸಿಕ್ಕಿದ್ದು ಮೀಟರ್‌ನಲ್ಲಲ್ಲ, ಸೊಪ್ಪಿನಲ್ಲಿ.

ಕೇಲ್ ಸೊಪ್ಪಿನ ಎಲೆ ಮೇಲಿನ ಮೇಣ ಇಂಥ ವಿಷವನ್ನು ವಾರಗಟ್ಟಲೆ ಹಿಡಿದಿಡುತ್ತೆ. ಒಂದೇ ಮಣ್ಣಿನ ಕುಂಡಗಳನ್ನು ಘಟಕದ ಹತ್ತಿರವೂ ದೂರವೂ ಇಟ್ಟರೆ, ಎಲೆಗಳಲ್ಲಿ ಕಾಣುವ ವ್ಯತ್ಯಾಸ ಗಾಳಿ ತಂದದ್ದು. ನೆದರ್‌ಲ್ಯಾಂಡ್ಸ್‌ನಲ್ಲಿ ಘಟಕಗಳ ಸುತ್ತ ಕೇಲ್, ಪಾಲಕ್ ಬೆಳೆಸಿ ವರ್ಷಗಟ್ಟಲೆ ಪರೀಕ್ಷಿಸಿದರು. ಬೆಳೆಗೆ ತೊಂದರೆ ಕಾಣಲಿಲ್ಲ. ಅಲ್ಲಿ ಜನರ ಭಯಕ್ಕೆ ಸಿಕ್ಕಿದ್ದು ಭರವಸೆಯಲ್ಲ, ಪುರಾವೆ.

ಬಿಡದಿಯ 11.5 ಮೆಗಾವಾಟ್ ಘಟಕದ ಸುತ್ತಲೂ ಕುಂಡ ಇಡಿ, ಫಲಿತಾಂಶ ಊರವರ ಮುಂದಿಡಿ. ‘ಎಲ್ಲ ಸರಿಯಿದೆ’ ಅನ್ನೋರಿಗೆ ಸೊಪ್ಪಿನ ಭಯ ಯಾಕೆ?