ಸ್ನಾನದ ಬಿಸಿನೀರು: ಅನಿಲವೋ, ವಿದ್ಯುತ್ತೋ?

ದಾವಣಗೆರೆ ಹಾಗೂ ಹರಿಹರದ ಸುತ್ತಲಿನ ಗ್ರಾಮಗಳಲ್ಲಿ ಬಚ್ಚಲ ಒಲೆ ಮತ್ತು ಹಂಡೆಯ ಸ್ಥಾನಕ್ಕೆ ಗೀಸರ್‌ಗಳು ಬರುತ್ತಿವೆ. ಮನೆ ಕಟ್ಟುವವರು ಗ್ಯಾಸ್ ಗೀಸರ್ ಲಾಭವೋ, ವಿದ್ಯುತ್ ಗೀಸರ್ ಲಾಭವೋ ಎಂದು ಸದಸ್ಯರಲ್ಲಿ ವಿಚಾರಿಸುವುದು ಸಹಜ. ಖರ್ಚಿನ ಪ್ರಶ್ನೆಗೆ ಸರಳ ಲೆಕ್ಕವೇ ಉತ್ತರ ನೀಡುತ್ತದೆ. ಆದರೆ ಅದಕ್ಕೂ ಮೊದಲು ಸ್ನಾನಗೃಹದಲ್ಲಿ ಗಾಳಿ ಆಡುತ್ತದೆಯೇ ಎಂಬುದು ಇತ್ಯರ್ಥವಾಗಬೇಕು.

ಖರ್ಚಿನ ಲೆಕ್ಕ

20 ಲೀಟರ್ ನೀರನ್ನು 22 ಡಿಗ್ರಿಯಿಂದ 42 ಡಿಗ್ರಿ ಸೆಲ್ಸಿಯಸ್‌ಗೆ ಏರಿಸಲು ಅರ್ಧ ಯೂನಿಟ್‌ಗೆ ತುಸು ಕಡಿಮೆ ವಿದ್ಯುತ್ ಬೇಕು. ಅದೇ ಕೆಲಸಕ್ಕೆ ಗ್ಯಾಸ್ ಗೀಸರ್ ಸುಮಾರು 45 ಗ್ರಾಂ ಎಲ್‌ಪಿಜಿ ಉರಿಸುತ್ತದೆ. ಐದು ಜನರ ಕುಟುಂಬದಲ್ಲಿ ಪ್ರತಿಯೊಬ್ಬರೂ ದಿನಕ್ಕೆ 20 ಲೀಟರ್ ಬಳಸಿದರೆ, 14.2 ಕಿಲೋಗ್ರಾಂನ ಒಂದು ಸಿಲಿಂಡರ್ ಸ್ನಾನಕ್ಕೆಂದೇ ಸುಮಾರು ಎರಡು ತಿಂಗಳು ಬರುತ್ತದೆ. ವಿದ್ಯುತ್ತಾದರೆ ತಿಂಗಳಿಗೆ ಸುಮಾರು 75 ಯೂನಿಟ್ ತಗಲುತ್ತದೆ.

ಅಂದರೆ ಒಂದು ಸಿಲಿಂಡರ್ ಸುಮಾರು 150 ಯೂನಿಟ್‌ಗೆ ಸಮ. ಸಿಲಿಂಡರ್ ಬೆಲೆಯನ್ನು 150ರಿಂದ ಭಾಗಿಸಿದರೆ ಎರಡೂ ಸರಿಸಮವಾಗುವ ದರ ತಿಳಿಯುತ್ತದೆ. ಉದಾಹರಣೆಗೆ, ಬೆಲೆ 900 ರೂಪಾಯಿ ಇದ್ದರೆ ಆ ದರ 6 ರೂಪಾಯಿ. ತೆರಿಗೆ ಸೇರಿದಂತೆ ವಿದ್ಯುತ್ ದರ ಇದಕ್ಕಿಂತ ಕಡಿಮೆಯಿದ್ದರೆ ವಿದ್ಯುತ್ತು, ಹೆಚ್ಚಿದ್ದರೆ ಅನಿಲ ಅಗ್ಗ.

ಗೃಹಜ್ಯೋತಿ ಫಲಾನುಭವಿಗಳು ಇನ್ನೊಂದು ಅಂಶವನ್ನು ಗಮನಿಸಬೇಕು. ಯೋಜನೆಯಡಿ ಉಚಿತ ಯೂನಿಟ್‌ಗಳ ಪ್ರಮಾಣವು ಮನೆಯ 2022-23ನೇ ಸಾಲಿನ ಸರಾಸರಿ ಬಳಕೆಯನ್ನು ಆಧರಿಸಿದೆ. ಹೊಸದಾಗಿ ಗೀಸರ್ ಅಳವಡಿಸಿದ ಮಾತ್ರಕ್ಕೆ ಅದು ಹೆಚ್ಚುವುದಿಲ್ಲ. ಹೆಚ್ಚುವರಿ ಬಳಕೆಗೆ ಹಣ ಪಾವತಿಸಬೇಕು; ತಿಂಗಳ ಬಳಕೆ 200 ಯೂನಿಟ್ ಮೀರಿದರೆ ಪೂರ್ಣ ಬಿಲ್ ಪಾವತಿಸಬೇಕು. ಆದ್ದರಿಂದ ಈಗಿನ ಬಳಕೆಗೆ 75 ಯೂನಿಟ್ ಕೂಡಿಸಿ ನೋಡಿದ ಬಳಿಕವೇ ನಿರ್ಧರಿಸುವುದು ಒಳಿತು.

ಅನಿಲದ ಅಪಾಯ: ಮುಚ್ಚಿದ ಕೋಣೆ

ಗ್ಯಾಸ್ ಗೀಸರ್ ನಿಮಿಷಕ್ಕೆ ಸುಮಾರು 15 ಗ್ರಾಂ ಅನಿಲ ಉರಿಸುತ್ತದೆ. ಒಂದು ಕಿಲೋಗ್ರಾಂ ಎಲ್‌ಪಿಜಿ ಪೂರ್ಣವಾಗಿ ಉರಿಯಲು ಸುಮಾರು 12 ಘನಮೀಟರ್ ಗಾಳಿ ಬೇಕು. ನಾಲ್ಕು ಅಡಿ ಅಗಲ, ಆರು ಅಡಿ ಉದ್ದ, ಎಂಟು ಅಡಿ ಎತ್ತರದ ಸ್ನಾನಗೃಹದಲ್ಲಿರುವುದು ಸುಮಾರು ಐದೂವರೆ ಘನಮೀಟರ್ ಗಾಳಿ ಮಾತ್ರ. ಬಾಗಿಲು ಕಿಟಕಿ ಮುಚ್ಚಿ ಹತ್ತು ನಿಮಿಷ ಗೀಸರ್ ನಡೆಸಿದರೆ, ಕೋಣೆಯ ಮೂರನೆಯ ಒಂದು ಭಾಗದಷ್ಟು ಗಾಳಿಯ ಆಮ್ಲಜನಕವನ್ನು ಜ್ವಾಲೆಯೇ ಬಳಸಿಕೊಂಡಿರುತ್ತದೆ.

ಆಮ್ಲಜನಕ ಸಾಲದಾದಾಗ ಅನಿಲ ಅಪೂರ್ಣವಾಗಿ ಉರಿದು ಕಾರ್ಬನ್ ಮಾನಾಕ್ಸೈಡ್ ಉಂಟಾಗುತ್ತದೆ. ಇದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಸಿಲಿಂಡರ್ ಸೋರಿಕೆಯನ್ನು ಮೂಗು ಗುರುತಿಸುತ್ತದೆ, ಇದನ್ನು ಗುರುತಿಸದು. ರಕ್ತದ ಹಿಮೋಗ್ಲೋಬಿನ್‌ಗೆ ಇದು ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಲವಾಗಿ ಅಂಟಿಕೊಳ್ಳುತ್ತದೆ. ತಲೆನೋವು, ತಲೆಸುತ್ತು, ನಿಶ್ಶಕ್ತಿ ಕಾಣಿಸಿಕೊಂಡು, ಚಿಲಕ ತೆಗೆಯುವ ಮೊದಲೇ ವ್ಯಕ್ತಿ ಪ್ರಜ್ಞೆ ತಪ್ಪಬಹುದು. ಹೀಗೆ ಸ್ನಾನಗೃಹದಲ್ಲಿ ಜೀವಹಾನಿಯಾದ ಪ್ರಕರಣಗಳು ರಾಜ್ಯದಲ್ಲಿ ಮರುಕಳಿಸುತ್ತಲೇ ಇವೆ.

ಆದುದರಿಂದ ಗ್ಯಾಸ್ ಗೀಸರ್ ಮತ್ತು ಸಿಲಿಂಡರ್ ಎರಡೂ ಸ್ನಾನಗೃಹದ ಹೊರಗೆ, ಗಾಳಿಯಾಡುವ ಸ್ಥಳದಲ್ಲಿರಬೇಕು. ಬಿಸಿನೀರು ಮಾತ್ರ ಕೊಳವೆಯ ಮೂಲಕ ಒಳಬರಬೇಕು. ಹೊರಗೆ ಸ್ಥಳವಿಲ್ಲದ ಮನೆಗೆ ಅನಿಲ ಎಷ್ಟೇ ಅಗ್ಗವಾದರೂ ಸೂಕ್ತವಲ್ಲ. ಕೊಳವೆಯ ನೈಸರ್ಗಿಕ ಅನಿಲ ಪಡೆಯುವ ಮನೆಗಳಿಗೂ ಇದೇ ನಿಯಮ ಅನ್ವಯಿಸುತ್ತದೆ. ಅಲ್ಲದೆ, ಎಲ್‌ಪಿಜಿ ಗೀಸರ್ ಅನ್ನು ಪರಿವರ್ತಿಸದೆ ಆ ಸಂಪರ್ಕಕ್ಕೆ ಜೋಡಿಸಬಾರದು.

ವಿದ್ಯುತ್ತಿನ ಅಪಾಯ: ದುರ್ಬಲ ವೈರಿಂಗ್

2 ಕಿಲೋವಾಟ್ ಗೀಸರ್ 230 ವೋಲ್ಟ್‌ನಲ್ಲಿ ಸುಮಾರು 9 ಆಂಪಿಯರ್ ವಿದ್ಯುತ್ ಎಳೆಯುತ್ತದೆ. ಇದಕ್ಕೆ 16 ಆಂಪಿಯರ್ ಸಾಕೆಟ್, 2.5 ಚದರ ಮಿಲಿಮೀಟರ್ ತಾಮ್ರದ ತಂತಿ, ಸರಿಯಾದ ಅರ್ಥಿಂಗ್ ಮತ್ತು 30 ಮಿಲಿಆಂಪಿಯರ್ ಸೋರಿಕೆಗೇ ಸಂಪರ್ಕ ಕಡಿಯುವ ಆರ್‌ಸಿಸಿಬಿ ಅಗತ್ಯ. ದೀಪಕ್ಕೆಂದು ಪಡೆದ ಸಣ್ಣ ಸಂಪರ್ಕಕ್ಕೆ ಗೀಸರ್ ಜೋಡಿಸುವ ಮುನ್ನ ಬೆಸ್ಕಾಂನಿಂದ ಮಂಜೂರಾದ ಲೋಡ್ ಹೆಚ್ಚಿಸಿಕೊಳ್ಳಬೇಕು. ಬಕೆಟ್‌ನಲ್ಲಿ ಮುಳುಗಿಸುವ ಕಾಯಿಲ್ ಬಳಸುವವರು ಸ್ವಿಚ್ ಆರಿಸಿ, ಪ್ಲಗ್ ಕಿತ್ತ ನಂತರವೇ ನೀರನ್ನು ಮುಟ್ಟಬೇಕು.

ವೋಲ್ಟೇಜ್ 180ಕ್ಕೆ ಇಳಿದರೆ ಗೀಸರ್‌ನ ಸಾಮರ್ಥ್ಯ ಶೇ. 61ಕ್ಕೆ ಕುಸಿಯುತ್ತದೆ, 18 ನಿಮಿಷದ ಕೆಲಸಕ್ಕೆ ಅರ್ಧ ಗಂಟೆ ಹಿಡಿಯುತ್ತದೆ. ಕೊಳವೆಬಾವಿಯ ಗಡಸು ನೀರು ಬಳಸುವಲ್ಲಿ ಕಾಯಿಸುವ ಸುರುಳಿಗೆ ಸುಣ್ಣದ ಪದರ ಕಟ್ಟುವುದರಿಂದ ವರ್ಷಕ್ಕೊಮ್ಮೆ ಸ್ವಚ್ಛಗೊಳಿಸುವುದು ಒಳ್ಳೆಯದು.

ಖರೀದಿಸುವಾಗ ಐಎಸ್‌ಐ ಗುರುತು ಕಡ್ಡಾಯವಾಗಿ ನೋಡಬೇಕು. ನೀರು ಸಂಗ್ರಹಿಸುವ ವಿದ್ಯುತ್ ಗೀಸರ್‌ನಲ್ಲಿ ಬಿಇಇ ನಕ್ಷತ್ರಗಳು ಹೆಚ್ಚಿದ್ದಷ್ಟೂ ಶಾಖನಷ್ಟ ಕಡಿಮೆ.

ಸದಸ್ಯರು ಮಾಡಬಹುದಾದುದು

ವಸತಿ ಯೋಜನೆಗಳ ಮನೆಗಳು ತಳಪಾಯದ ಹಂತದಲ್ಲಿರುವಾಗಲೇ ಸ್ನಾನಗೃಹಕ್ಕೆ ಮುಚ್ಚಲಾಗದ ಗಾಳಿಕಿಂಡಿ ಇರಿಸಲು ಮತ್ತು ಗೀಸರ್‌ಗೆ ಹೊರಗೋಡೆಯಲ್ಲಿ ಸ್ಥಳ ಗುರುತಿಸಲು ಫಲಾನುಭವಿಗಳಿಗೆ ತಿಳಿಸಬಹುದು. ಗೋಡೆ ಎದ್ದ ಮೇಲೆ ಒಡೆಯುವುದಕ್ಕಿಂತ ಆಗಲೇ ನಾಲ್ಕು ಇಟ್ಟಿಗೆ ಬಿಡುವುದು ಸುಲಭ. ವಾರ್ಡ್ ಸಭೆಗಳಲ್ಲಿ ಈ ವಿಷಯವನ್ನು, ಅದರಲ್ಲೂ ಚಳಿಗಾಲಕ್ಕೆ ಮುನ್ನ, ಪ್ರಸ್ತಾಪಿಸುವುದು ಸೂಕ್ತ. ಯಾರಾದರೂ ಸ್ನಾನಗೃಹದಲ್ಲಿ ಪ್ರಜ್ಞೆ ತಪ್ಪಿದ್ದರೆ ಕೂಡಲೇ ಬಾಗಿಲು ತೆರೆದು, ಗ್ಯಾಸ್ ಅಥವಾ ವಿದ್ಯುತ್ ಸಂಪರ್ಕ ಕಡಿದು, ನಂತರ ಅವರನ್ನು ಬಯಲಿಗೆ ತಂದು 108ಕ್ಕೆ ಕರೆ ಮಾಡಬೇಕೆಂಬುದು ಪ್ರತಿ ಮನೆಗೂ ತಿಳಿದಿರಲಿ.